ಕಾಲು ಚಾಚುವಷ್ಟು ಜಾಗ

ನಮ್ಮ ಮನೆಯಲ್ಲಿ ಯಾವುದಾದರೂ ದೊಡ್ಡ ವಸ್ತುವನ್ನು ಕೊಳ್ಳುವ ಪ್ರಸಂಗ ಬಂದಿತೆಂದರೆ ‘ಮಾಸ್ತರರನ್ನು ಕೇಳಿರಿ’ ಎಂಬ ಮಾತು ಮೊದಲು ಹುಟ್ಟುತ್ತದೆ. ಮೂವತ್ತು ವರುಷಗಳಿಗೂ ಮೇಲ್ಪಟ್ಟು ಕನ್ನಡ ಶಾಲೆಯಲ್ಲಿ ಮಕ್ಕಳ ಎದುರು ನಿಂತವನಿಗೆ ಹೊಲದ ಪಂಪು, ಹಿಟ್ಟಿನ ಗಿರಣಿ, ಟಿ.ವಿ. ಇವೆಲ್ಲವುಗಳ ಗುಣದೋಷಗಳು ತಾವಾಗಿಯೇ ತಿಳಿದಿರುತ್ತವೆ ಎಂಬುದು ನಮ್ಮ ಮ್ಹೈಸಾಳದಂಥ ಊರಿನಲ್ಲಿ ಇನ್ನೂ ಉಳಿದುಬಂದಿರುವ ಒಂದು ನಂಬಿಗೆ. ಆ ನಂಬಿಗೆಯಿಂದ ದೊರೆತ ಮರ್ಯಾದೆಯನ್ನು ನಾನು ಅನೇಕ ಸಲ ಅನುಭವಿಸಿದ್ದೇನೆ. ಸಲಹೆ ತಪ್ಪಿದಾಗ ಮಾತನ್ನೂ ಕೇಳಿಸಿಕೊಂಡಿದ್ದೇನೆ. ಆದರೆ ಕಳೆದ ದೀಪಾವಳಿಯಾದ ಮೇಲೆ ನನ್ನ ತಮ್ಮನು ಎರಡು ಕಾರುಗಳ ಚಿತ್ರಗಳನ್ನು ನನ್ನ ಮುಂದೆ ಹಿಡಿದು, ‘ಅಣ್ಣಾ, ಇವೆರಡರಾಗ ಯಾವುದು ತಗೊಳ್ಳೂಣು?’ ಎಂದು ಕೇಳಿದಾಗ ನಾನು ನಿಜವಾಗಿಯೂ ತಬ್ಬಿಬ್ಬಾದೆ.

ಏಕೆಂದರೆ ಅವು ನಮ್ಮಂಥವರ ಕಾರುಗಳಾಗಿರಲಿಲ್ಲ. ಒಂದು ಟೊಯೋಟಾ ಕ್ಯಾಮ್ರಿ, ಇನ್ನೊಂದು ಸ್ಕೋಡಾ ಸುಪರ್ಬ್. ಎರಡೂ ನಾಲ್ಕೈದು ವರುಷ ಬಳಸಿದವು; ಹೊಸದರ ಬೆಲೆಯಲ್ಲಿ ಸುಮಾರು ಅರ್ಧಕ್ಕೆ ಇಳಿದಿದ್ದವು. ಆದರೂ ಇಪ್ಪತ್ತು ಲಕ್ಷ ರೂಪಾಯಿಗಳನ್ನು ದಾಟಿದ ಮಾತು. ತಮ್ಮನು ದ್ರಾಕ್ಷಿ ಬೆಳೆದು, ಒಣದ್ರಾಕ್ಷಿಯ ವ್ಯಾಪಾರ ಮಾಡಿ, ಹಗಲು ರಾತ್ರಿ ದುಡಿದು ನಾಲ್ಕು ಕಾಸು ಕೂಡಿಸಿದವನು. ತನ್ನ ಮೈಮೇಲೆ ಒಂದು ಒಳ್ಳೆಯ ಅಂಗಿಯನ್ನೂ ಹಾಕಿಕೊಳ್ಳದ ಮನುಷ್ಯ. ಅವನಿಗೆ ಈ ವೈಭವದ ಹುಚ್ಚು ಎಲ್ಲಿಂದ ಬಂದಿತೆಂದು ನನಗೆ ತಿಳಿಯಲಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪಾ’ ಎಂದೆ. ಅವನು ಉತ್ತರ ಕೊಡಲಿಲ್ಲ. ‘ದಿನಾ ಮನೀ ಮಂದಿ ಅಡ್ಡಾಡಾಕ ಬೇಕು. ಯಾವುದು ಚಲೋ, ನೀ ಹೇಳು’ ಎಂದಷ್ಟೇ ಹೇಳಿ ಎದ್ದು ಹೋದನು.

ನಮ್ಮ ದಿನದ ಓಡಾಟ ಎಂಥದೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು, ಏಕೆಂದರೆ ಅವರದೂ ಅಂಥದೇ. ಮ್ಹೈಸಾಳವು ಮಿರಜ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಊರು. ಕಾಗವಾಡದ ಕಡೆಗೆ ಮುಖ ಮಾಡಿ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಕರ್ನಾಟಕ. ಹೆಣ್ಣು ಕೊಡುವುದು, ತರುವುದು ಗಡಿಯ ಆಚೆ. ಆಸ್ಪತ್ರೆ, ಕಾಲೇಜು, ಕಚೇರಿ ಗಡಿಯ ಈಚೆ. ಅವ್ವನನ್ನು ತಿಂಗಳಿಗೊಮ್ಮೆಯಾದರೂ ಮಿರಜೆಯ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತಮ್ಮನ ಮಗಳು ಸಾಂಗಲಿಯಲ್ಲಿ ಓದುತ್ತಾಳೆ. ಲಗ್ನ, ಸೀಮಂತ, ಜಾತ್ರೆಗಳೆಂದರೆ ಶೇಡಬಾಳ, ಉಗಾರ, ಅಥಣಿ. ಮನೆಯಲ್ಲಿ ಒಂದು ಎತ್ತರದ ಗಾಡಿ ಇದ್ದೇ ಇದ್ದಿತು. ಆದರೆ ಅದನ್ನು ಹತ್ತಲು ಅವ್ವನಿಗೆ ಆಗದು. ಅವಳ ಬಲಗಾಲು ಮೊಣಕಾಲಿನಲ್ಲಿ ಪೂರ್ತಿಯಾಗಿ ಮಡಚುವುದಿಲ್ಲ. ಇಬ್ಬರು ಎತ್ತಿ ಕೂಡ್ರಿಸಬೇಕಾಗುತ್ತಿತ್ತು. ಆದುದರಿಂದಲೇ ನೆಲಕ್ಕೆ ಹತ್ತಿರವಾದ, ಹಿಂದೆ ಡಿಕ್ಕಿಯುಳ್ಳ ಕಾರೇ ಬೇಕೆಂದು ತಮ್ಮನು ನಿಶ್ಚಯಿಸಿದ್ದನು.

ಹಿಂದೆ ಈ ಆಯ್ಕೆ ಎಷ್ಟು ಸುಲಭವಾಗಿತ್ತು! ನಾನು ಸಣ್ಣವನಿದ್ದಾಗ ಕಾರೆಂದರೆ ಅಂಬಾಸಿಡರ್, ಇಲ್ಲವಾದರೆ ಫಿಯಾಟ್. ಆ ಫಿಯಾಟಿಗೇ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂದಿತು. ಅದನ್ನು ತಯಾರಿಸಿದ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ಸೊಲ್ಲಾಪುರದ ವಾಲಚಂದ ಹೀರಾಚಂದರು. ಸಾಂಗಲಿಯ ಎಂಜಿನಿಯರಿಂಗ್ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ದೊಡ್ಡ ಸಂಸಾರದವರು ಅಂಬಾಸಿಡರ್ ಕೊಳ್ಳುತ್ತಿದ್ದರು, ಚಿಕ್ಕ ಸಂಸಾರದವರು ಫಿಯಾಟು. ಪದ್ಮಿನಿಯ ತಯಾರಿಕೆ ಶತಮಾನ ಮುಗಿಯುವಾಗ ನಿಂತಿತು. ಅಂಬಾಸಿಡರ್ 2014ರವರೆಗೆ ಉಸಿರು ಹಿಡಿದಿತ್ತು. ಈಗ ಆಯ್ಕೆಗಳು ಬೆಳೆದಿವೆ, ಆಯ್ಕೆ ಮಾಡುವವರ ಗೊಂದಲವೂ ಬೆಳೆದಿದೆ.

ಮಾಸ್ತರನಾದವನು ಏನು ಮಾಡಿಯಾನು? ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯೊಂದನ್ನು ತೆಗೆದು, ನಡುವೆ ಗೆರೆ ಎಳೆದು, ಎಡಕ್ಕೆ ಕ್ಯಾಮ್ರಿ, ಬಲಕ್ಕೆ ಸುಪರ್ಬ್ ಎಂದು ಬರೆದೆ. ಓದಲು ತೊಡಗಿದಂತೆ ನನಗೇ ಆಸಕ್ತಿ ಹುಟ್ಟಿತು.

ಮೊದಲು ನನ್ನ ಮನಸ್ಸು ಎಡಕ್ಕೆ ವಾಲಿತು. ಕಾರಣವನ್ನು ಮುಚ್ಚಿಡುವುದಿಲ್ಲ. ಕ್ಯಾಮ್ರಿ ನಮ್ಮ ಕರ್ನಾಟಕದ ಬಿಡದಿಯಲ್ಲಿ ಸಿದ್ಧವಾಗುವ ಕಾರು. ಆ ಕಾರಖಾನೆಯ ಹೆಸರಿನಲ್ಲಿ ಟೊಯೋಟಾದ ಪಕ್ಕದಲ್ಲಿ ಕಿರ್ಲೋಸ್ಕರ ಎಂಬ ಹೆಸರು ಇದೆ. ಆ ಮನೆತನದ ಮೂಲಪುರುಷರಾದ ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮುಂಬಯಿಯ ತಾಂತ್ರಿಕ ಶಾಲೆಯೊಂದರಲ್ಲಿ ಅವರೂ ಮಾಸ್ತರರಾಗಿದ್ದರು! ಆ ನೌಕರಿ ಬಿಟ್ಟು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲಕ್ಕೆ ಬಂದರು. ಅದೇ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಬೆಳಗಾವಿಯಿಂದ ಸಾಂಗಲಿಯ ಸೀಮೆಗೆ ಬಂದ ಹೆಸರು 1997ರಲ್ಲಿ ಜಪಾನಿನ ಕಂಪನಿಯ ಕೈಹಿಡಿದು ಬಿಡದಿಗೆ ಹೋಯಿತು. ಗಡಿಯ ಎರಡೂ ಕಡೆ ಒಂದೊಂದು ಕಾಲಿಟ್ಟು ಬದುಕುವ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಕಾರು ಇನ್ನಾವುದು?

ಬಲಕ್ಕೆ ಬಂದೆ. ಅಲ್ಲಿಯೂ ಒಂದು ಸೈಕಲ್ಲೇ ಎದುರಾಯಿತು. ಇಂದಿನ ಚೆಕ್ ದೇಶದ ಮ್ಲಾದಾ ಬೊಲೆಸ್ಲಾವ್ ಎಂಬ ಊರಿನಲ್ಲಿ ವಾತ್ಸ್ಲಾವ್ ಕ್ಲೆಮೆಂಟ್ ಎಂಬ ಪುಸ್ತಕ ವ್ಯಾಪಾರಿಯಿದ್ದನು. ಅವನ ಸೈಕಲ್ಲು ಕೆಟ್ಟಿತು. ಜರ್ಮನ್ ತಯಾರಕರಿಗೆ ತನ್ನ ಚೆಕ್ ಭಾಷೆಯಲ್ಲಿ ಕಾಗದ ಬರೆದನು. ತಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದರೆ ಮಾತ್ರ ಉತ್ತರ ಎಂಬ ಧಾಟಿಯ ಜವಾಬು ಬಂದಿತೆಂದು ಹೇಳುತ್ತಾರೆ. ಅವನಿಗೆ ಸಿಟ್ಟು ಬಂದಿತು. 1895ರಲ್ಲಿ ವಾತ್ಸ್ಲಾವ್ ಲಾರಿನ್ ಎಂಬ ಮೆಕ್ಯಾನಿಕನನ್ನು ಜತೆಗೂಡಿಕೊಂಡು ತಾನೇ ಸೈಕಲ್ ದುರಸ್ತಿಗೆ ಇಳಿದನು; ಮುಂದೆ ಸೈಕಲ್ ತಯಾರಿಸಿದನು, 1905ರಲ್ಲಿ ಕಾರನ್ನೂ ತಯಾರಿಸಿದನು. 1925ರಲ್ಲಿ ಆ ಕಂಪನಿ ಸ್ಕೋಡಾದೊಡನೆ ಒಂದಾಯಿತು. ತನ್ನ ನುಡಿಯಲ್ಲಿ ಬರೆದ ಅರ್ಜಿಗೆ ಉತ್ತರ ಸಿಗದ ನೋವನ್ನು ಗಡಿನಾಡಿನ ಕನ್ನಡ ಮಾಸ್ತರನಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆ ಕಥೆಯನ್ನು ನಾನು ಮರುದಿನವೇ ಏಳನೆಯ ಇಯತ್ತೆಯ ಮಕ್ಕಳಿಗೆ ಹೇಳಿದೆ. ಮನಸ್ಸಿನ ತಕ್ಕಡಿ ಬಲಕ್ಕೂ ಅಷ್ಟೇ ವಾಲಿತು.

ಅಭಿಮಾನದ ಲೆಕ್ಕ ಹೀಗೆ ಸರಿಸಮವಾದ ಮೇಲೆ ಅಂಕಿಗಳ ಲೆಕ್ಕಕ್ಕೆ ಬಂದೆ. ಕ್ಯಾಮ್ರಿಯಲ್ಲಿ ಎರಡೂವರೆ ಲೀಟರಿನ ಪೆಟ್ರೋಲ್ ಎಂಜಿನ್ನಿನ ಜತೆಗೆ ವಿದ್ಯುತ್ ಮೋಟಾರೂ ಇದೆ. ಮೆಲ್ಲಗೆ ಸಾಗುವಾಗ ಬ್ಯಾಟರಿಯ ಬಲದಿಂದ ಮೋಟಾರೇ ಗಾಲಿ ತಿರುಗಿಸುತ್ತದೆ. ಬ್ರೇಕು ಒತ್ತಿದಾಗ ವ್ಯರ್ಥವಾಗಬೇಕಾದ ಶಕ್ತಿ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ. ಗೋಡೆಯ ಪ್ಲಗ್ಗಿನ ಹಂಗಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಂತು ನಿಂತು ಸಾಗುವ ಮಿರಜೆಯ ದಾರಿಯಲ್ಲಿ ಪೆಟ್ರೋಲು ಉಳಿಯುವುದು ನಿಜವಾಗಿ ಇಂಥ ಕಾರಿನಲ್ಲಿ. ಸುಪರ್ಬಿನಲ್ಲಿ ಎರಡು ಲೀಟರಿನ ಟರ್ಬೊ ಎಂಜಿನ್, 190 ಅಶ್ವಶಕ್ತಿ. ದೊಡ್ಡ ಹೆದ್ದಾರಿಯಲ್ಲಿ ಅದರ ಓಟ ಚೆನ್ನ. ಪೆಟ್ರೋಲಿನ ಖರ್ಚು ಮಾತ್ರ ಹೆಚ್ಚು. ಮೇಲಾಗಿ ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಅದನ್ನು ಜೋಡಿಸುವುದು 2023ರಲ್ಲಿ ನಿಂತಿತು. ಮುಂದೆ ಬಿಡಿಭಾಗಗಳ ಗತಿಯೇನು ಎಂಬ ಪ್ರಶ್ನೆ ಉಳಿಯಿತು. ಉದ್ದದಲ್ಲಿ ಎರಡೂ ಸುಮಾರು ಹದಿನಾರು ಅಡಿ. ನಮ್ಮ ಓಣಿಯ ತಿರುವಿನಲ್ಲಿ ಎರಡಕ್ಕೂ ಒಂದೇ ಶಿಕ್ಷೆ.

ಟೈರಿನ ಮೇಲಿನ ಅಂಕಿಗಳನ್ನು ಓದುವುದು ನನಗೆ ಒಳ್ಳೆಯ ಗಣಿತದ ಪಾಠವೆನಿಸಿತು. ಕ್ಯಾಮ್ರಿಯ ಟೈರು 235/45, ಸುಪರ್ಬಿನದು 215/55. ಮೊದಲನೆಯ ಅಂಕಿ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದಲ್ಲಿ ಶೇಕಡಾ ಎಷ್ಟು ಟೈರಿನ ಗೋಡೆಯ ಎತ್ತರ ಎಂಬುದು. ಲೆಕ್ಕ ಮಾಡಿದರೆ ಒಂದರ ಗೋಡೆ ಸುಮಾರು 106 ಮಿಲಿಮೀಟರು, ಇನ್ನೊಂದರದು 118. ಹನ್ನೆರಡು ಮಿಲಿಮೀಟರು ಎಂದರೆ ಒಂದು ಬೆರಳಿನ ಅಗಲವೂ ಆಗದು. ಆದರೆ ಕಬ್ಬಿನ ಹಂಗಾಮು ಮುಗಿದ ಮೇಲೆ ನಮ್ಮ ರಸ್ತೆಗಳು ಹೇಗಿರುತ್ತವೆ ಎಂಬುದನ್ನು ಬಲ್ಲವರು ಆ ಬೆರಳಗಲದ ರಬ್ಬರಿಗೂ ಬೆಲೆ ಕೊಡುತ್ತಾರೆ.

ಇನ್ನೊಂದು ತೊಡಕಿತ್ತು. ಕ್ಯಾಮ್ರಿ ಬೆಂಗಳೂರಿನಲ್ಲಿ ನೋಂದಣಿಯಾದದ್ದು, ಸುಪರ್ಬ್ ಪುಣೆಯಲ್ಲಿ. ಹೊರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿ ಮತ್ತೆ ನೋಂದಾಯಿಸಬೇಕೆಂಬುದು ಕಾನೂನು. ಮೂಲ ಕಚೇರಿಯಿಂದ ನಿರಾಕ್ಷೇಪಣ ಪತ್ರ ತರಬೇಕು. ಇಲ್ಲಿ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ್ದರಲ್ಲಿ ಉಳಿದುದನ್ನು ಮರಳಿ ಬೇಡಬೇಕು. ಗಡಿಯಾಚೆಯ ಬೀಗರೊಬ್ಬರು, ‘ನಮ್ಮ ಮನೀ ವಿಳಾಸಕ್ಕ ಮಾಡಸೂಣ ತಗೀರಿ. ಕನ್ನಡದ ನಂಬರ ಕನ್ನಡದ ಮಂದೀ ಗಾಡಿಗೆ ಇದ್ದರ ಚಂದನ’ ಎಂದು ನಕ್ಕರು. ಸಲಿಗೆಯ ಮಾತು; ಆದರೆ ನನಗೆ ಸೇರಲಿಲ್ಲ. ವರುಷವಿಡೀ ಮಕ್ಕಳಿಗೆ ನಾಗರಿಕಶಾಸ್ತ್ರ ಕಲಿಸಿ, ತೆರಿಗೆ ತಪ್ಪಿಸುವುದಕ್ಕಾಗಿ ಭಾಷಾಭಿಮಾನವನ್ನು ನಂಬರಿನ ತಗಡಿಗೆ ಅಂಟಿಸುವುದೆ? ಹಾಗಾಗದೆಂದು ಹೇಳಿದೆ.

ಒಂದು ವಾರ ಕಳೆಯಿತು. ಹಾಳೆ ತುಂಬಿತು, ನಿರ್ಣಯ ಹುಟ್ಟಲಿಲ್ಲ. ಕೊನೆಗೆ ಒಂದು ಭಾನುವಾರ ವ್ಯಾಪಾರಿಯು ಎರಡೂ ಕಾರುಗಳನ್ನು ಕೊಲ್ಹಾಪುರದಿಂದ ನಮ್ಮ ಮನೆಗೇ ತರಿಸಿದನು. ಓಣಿಯ ಹುಡುಗರು ಸುತ್ತುಗಟ್ಟಿದರು. ನಾನು ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಪರೀಕ್ಷಕನಂತೆ ಸುತ್ತುತ್ತಿದ್ದೆ. ಆಗ ಕಟ್ಟೆಯ ಮೇಲೆ ಕುಳಿತಿದ್ದ ಅವ್ವ ನನ್ನನ್ನು ಕರೆದಳು. ‘ಅದರಾಗ ಏನ ಬರದೀ ಮಾಸ್ತರಾ? ನನ್ನ ಕಾಲಿಂದು ಬರದೀ ಏನು?’ ಎಂದು ಕೇಳಿದಳು.

ನಾನು ಹಾಳೆ ನೋಡಿದೆ. ಎಂಜಿನ್ನು, ಟೈರು, ತೆರಿಗೆ, ಗುರ್ಲಹೊಸೂರು, ಬೊಲೆಸ್ಲಾವ್ ಎಲ್ಲವೂ ಇದ್ದವು. ಅವ್ವನ ಕಾಲು ಇರಲಿಲ್ಲ.

ಅಧ್ಯಾಪಕ ತರಬೇತಿಯಲ್ಲಿ ನಮಗೆ ಮೊದಲ ತಿಂಗಳಿನಲ್ಲಿಯೇ ಕಲಿಸಿದ ಪಾಠವೊಂದಿತ್ತು: ಪುಸ್ತಕದಿಂದ ಆರಂಭಿಸಬೇಡ, ಮಗುವಿನಿಂದ ಆರಂಭಿಸು. ಮೂವತ್ತು ವರುಷ ಅದನ್ನೇ ಹೇಳಿಕೊಂಡು ಬಂದವನು ಮನೆಯ ಕಾರಿನ ವಿಷಯದಲ್ಲಿ ಪುಸ್ತಕದಿಂದಲೇ ಆರಂಭಿಸಿದ್ದೆ.

ಅವ್ವನ ಕಾಲಿನ ಕಥೆಯನ್ನು ಇಲ್ಲಿ ಹೇಳಲೇಬೇಕು. 1996ರ ಜನವರಿ. ಅಥಣಿಯ ಕಡೆ ಲಗ್ನ ಮುಗಿಸಿಕೊಂಡು ರಾತ್ರಿ ಮರಳುತ್ತಿದ್ದೆವು. ಸೋದರಮಾವನ ಹಳೆಯ ಕಾರು. ನಡೆಸುತ್ತಿದ್ದವನು ಇಪ್ಪತ್ತು ವಯಸ್ಸಿನ ನನ್ನ ತಮ್ಮ. ಅವ್ವ ಹಿಂದೆ ಕುಳಿತು ನನ್ನ ಎರಡು ವರುಷದ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಅಚ್ಚು ಮುರಿದ ಕಬ್ಬಿನ ಟ್ರಾಲಿಯೊಂದು ದಾರಿಯ ಮೇಲೆಯೇ ನಿಂತಿತ್ತು. ದೀಪವಿಲ್ಲ, ಕೆಂಪು ಬಟ್ಟೆಯಿಲ್ಲ, ಹಿಂದೆ ಒಂದು ಕಲ್ಲನ್ನೂ ಇಟ್ಟಿರಲಿಲ್ಲ. ತಮ್ಮನು ಕಂಡ ಕೂಡಲೆ ತಿರುಗಿಸಿದನು, ಪೂರ್ತಿ ತಪ್ಪಲಿಲ್ಲ. ಮಗುವನ್ನು ಬಿಡದೆ ಅಪ್ಪಿಕೊಂಡಿದ್ದ ಅವ್ವ ಮುಂದಿನ ಸೀಟಿಗೆ ಅಪ್ಪಳಿಸಿದಳು. ಮಗುವಿಗೆ ಗೀರೂ ಆಗಲಿಲ್ಲ. ಅವಳ ತೊಡೆಯ ಎಲುಬೂ ಮೊಣಕಾಲೂ ಮುರಿದವು. ಮಿರಜೆಯ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದಳು. ಎದ್ದು ಬಂದಾಗ ಕಾಲು ಮಡಚುತ್ತಿರಲಿಲ್ಲ.

ಆ ಮೇಲೆ ಆ ರಾತ್ರಿಯ ಮಾತನ್ನು ತಮ್ಮನು ಮನೆಯಲ್ಲಿ ಎಂದೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಟ್ರಾಲಿಯದೇ ತಪ್ಪೆಂದು ಎಲ್ಲರೂ ಹೇಳಿದರು. ಅವನು ಒಪ್ಪಿದನೋ ಇಲ್ಲವೋ, ಯಾರೂ ಕೇಳಲಿಲ್ಲ. ಅಂಗಳದಲ್ಲಿ ಎರಡು ಕಾರುಗಳ ನಡುವೆ ಅವನು ತಲೆ ಬಾಗಿಸಿ ನಿಂತುದನ್ನು ಕಂಡಾಗ ನನಗೆ ತಟ್ಟನೆ ಹೊಳೆಯಿತು. ಅದು ವೈಭವದ ಹುಚ್ಚಾಗಿರಲಿಲ್ಲ. ಮೂವತ್ತು ವರುಷಗಳಿಂದ ಅವನು ತೀರಿಸಬೇಕೆಂದಿದ್ದ ಸಾಲ ಅದು. ‘ಹಾಸಿಗೆ ಇದ್ದಷ್ಟು’ ಎಂಬ ನನ್ನ ಗಾದೆಗೆ ಅವನು ಏಕೆ ಉತ್ತರ ಕೊಟ್ಟಿರಲಿಲ್ಲವೆಂಬುದೂ ತಿಳಿಯಿತು.

ನಾನು ಹಾಳೆಯನ್ನು ಮಡಚಿ ಕಿಸೆಗೆ ಹಾಕಿದೆ. ‘ಅವ್ವಾ, ನೀನ ಕುಂತು ನೋಡು’ ಎಂದೆ.

ಮೊದಲು ಕ್ಯಾಮ್ರಿ. ಬಾಗಿಲಿಗೆ ಬೆನ್ನು ಮಾಡಿ, ಮೊದಲು ಸೀಟಿನ ಮೇಲೆ ಕುಳಿತು, ಆ ಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡಳು. ಮೊಣಕಾಲು ಮಡಚದವರು ಕಾರಿನಲ್ಲಿ ಕೂಡ್ರುವ ಸರಿಯಾದ ಕ್ರಮ ಅದೇ. ಮಿರಜೆಯಲ್ಲಿ ವ್ಯಾಯಾಮ ಮಾಡಿಸುವವರು ಕಲಿಸಿದ್ದು. ಸೀಟು ಮೆತ್ತಗಿತ್ತು. ಗುಂಡಿ ಒತ್ತಿದೊಡನೆ ಬೆನ್ನು ಹಿಂದಕ್ಕೆ ವಾಲಿತು. ಎಂಜಿನ್ನಿನ ಸದ್ದೇ ಇಲ್ಲದೆ ಕಾರು ಓಣಿಯಲ್ಲಿ ಜಾರಿತು. ‘ಇದು ಚಾಲೂ ಐತೇನು?’ ಎಂದು ಅವಳು ಕೇಳಿದಾಗ ಎಲ್ಲರೂ ನಕ್ಕೆವು. ಆದರೆ ಬಲಗಾಲು ಮುಂದಿನ ಸೀಟಿಗೆ ತಾಗಿ ಓರೆಯಾಗಿಯೇ ಉಳಿಯಿತು. ಸೀಟನ್ನು ಮುಂದಕ್ಕೆ ಸರಿಸಿದೆವು, ಸ್ವಲ್ಪ ಸುಧಾರಿಸಿತು.

ಆ ಮೇಲೆ ಸುಪರ್ಬ್. ಸೀಟು ಸ್ವಲ್ಪ ಗಟ್ಟಿ. ಕಾಲುಗಳನ್ನು ಒಳಗೆ ತೆಗೆದುಕೊಂಡು ಅವಳು ಸುಮ್ಮನೆ ಕುಳಿತಳು. ಎಡಕ್ಕೆ ಮುಂದಿನ ಸೀಟನ್ನು ಸರಿಸಿದಾಗ ಬಲಗಾಲು ಮೆಲ್ಲಗೆ ಚಾಚಿತು, ಪೂರ್ತಿ ಚಾಚಿತು. ಹಿಂದಿನ ಗಾಜಿನ ಸಮೇತ ಮೇಲೇಳುವ ಡಿಕ್ಕಿಯಲ್ಲಿ ಅವಳ ಗಾಲಿಕುರ್ಚಿ ಮಡಚದೆಯೇ ಹಿಡಿಯುವಂತಿತ್ತು. ಬಾಗಿಲಿನೊಳಗೆ ಅಡಗಿಸಿಟ್ಟ ಕೊಡೆಯನ್ನು ವ್ಯಾಪಾರಿಯು ಎಳೆದು ತೋರಿಸಿದಾಗ ಅವ್ವ ಸಣ್ಣ ಹುಡುಗಿಯಂತೆ ಅದನ್ನು ಎರಡು ಸಲ ಒಳಗಿಟ್ಟು ಹೊರತೆಗೆದಳು. ಬಳಿಕ ತಮ್ಮನನ್ನು ಕರೆದು, ‘ನೋಡಪಾ, ಕಾಲ ಚಾಚಾಕ ಜಾಗ ಐತಿ. ಇದ ಸಾಕು ನನಗ’ ಎಂದಳು. ಒಂದು ಕ್ಷಣ ಬಿಟ್ಟು, ಇನ್ನೂ ಮೆಲ್ಲಗೆ, ‘ಇನ್ನರ ಅದನ್ನ ಮನಸಿನಾಗಿಂದ ತಗಿ’ ಎಂದಳು. ತಮ್ಮನು ಅತ್ತ ಮುಖ ತಿರುಗಿಸಿ ಟೈರನ್ನು ಒತ್ತಿ ನೋಡತೊಡಗಿದನು.

ಹೀಗೆ ಸುಪರ್ಬ್ ಮನೆಗೆ ಬಂದಿತು. ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಕ್ಯಾಮ್ರಿಯಾಗಿದ್ದರೆ ಉಳಿಯುತ್ತಿತ್ತು ಎಂಬುದನ್ನು ನಾನು ಈಗಲೂ ಒಪ್ಪುತ್ತೇನೆ. ಬೇರೊಂದು ಮನೆಯಲ್ಲಿ, ಬೇರೆ ಕಾಲುಗಳಿದ್ದಲ್ಲಿ, ಬಿಡದಿಯ ಕಾರೇ ಸರಿಯಾದುದಾಗಬಹುದು. ನಾನು ಹೇಳಬಯಸುವುದು ಯಾವ ಕಂಪನಿ ಮೇಲು ಎಂಬುದನ್ನಲ್ಲ. ಮನೆಯ ಕಾರನ್ನು ಆರಿಸುವಾಗ ನಾವು ಗಂಡಸರು ಸ್ಟಿಯರಿಂಗಿನ ಹಿಂದೆ ಕುಳಿತು ಯೋಚಿಸುತ್ತೇವೆ. ಅದರಲ್ಲಿ ಹೆಚ್ಚು ಕಾಲ ಕೂಡ್ರುವವರು ಮುದುಕರು, ಹೆಂಗಸರು, ಮಕ್ಕಳು. ಅವರು ಕೂಡ್ರುವುದು ಹಿಂದೆ. ಅವರನ್ನು ಯಾರೂ ಕೇಳುವುದಿಲ್ಲ. ಮೊದಲು ಅವರನ್ನು ಕೂಡ್ರಿಸಿ ನೋಡಿರಿ. ಹಾಳೆಯನ್ನು ಆ ಮೇಲೆ ಬರೆಯಿರಿ.

ಇನ್ನೊಂದು ಮಾತು. ಕಾರು ಎಷ್ಟು ಬೆಲೆಯದಾದರೇನು, ಹಿಂದೆ ಕುಳಿತವರು ಬೆಲ್ಟು ಕಟ್ಟಿಕೊಳ್ಳದಿದ್ದರೆ ಅದರ ರಕ್ಷಣೆ ಅರ್ಧಕ್ಕೇ ನಿಲ್ಲುತ್ತದೆ. 2022ರ ಸಪ್ಟಂಬರ 4ರಂದು ಪಾಲಘರ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡಾಗ ಅವರು ಕುಳಿತದ್ದು ಬಹು ಬೆಲೆಯ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಹಿಂದಿನವರೂ ಬೆಲ್ಟು ಕಟ್ಟಿಕೊಳ್ಳಬೇಕೆಂಬುದು ಕಾನೂನಿನಲ್ಲಿಯೇ ಇದೆ, ಪಾಲಿಸುವವರು ಕಡಿಮೆ. ಕಬ್ಬು ಸಾಗಿಸುವ ನಮ್ಮ ಬಂಧುಗಳಲ್ಲಿಯೂ ಒಂದು ವಿನಂತಿ: ಟ್ರಾಲಿಯ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲು ಹಿಡಿಯುವ ಹಣ ಒಂದು ಹೊತ್ತಿನ ಚಹದ ಖರ್ಚಿನಷ್ಟು. ಅದು ಇಲ್ಲದ ಒಂದು ರಾತ್ರಿಯ ಬೆಲೆಯನ್ನು ನಮ್ಮ ಮನೆ ಮೂವತ್ತು ವರುಷ ಕೊಟ್ಟಿದೆ.

ಈಗ ಮಿರಜೆಗೆ ಹೊರಡುವಾಗ ತಮ್ಮನು ಗಾಡಿ ಚಾಲೂ ಮಾಡುವ ಮೊದಲು ಹಿಂದಕ್ಕೆ ತಿರುಗಿ ನೋಡುತ್ತಾನೆ. ಅವ್ವ ಬೆಲ್ಟಿನ ಕೊಂಡಿಯನ್ನು ‘ಟಕ್’ ಎಂದು ಹಾಕಿ, ‘ಹೂಂ, ನಡಿ’ ಎನ್ನುತ್ತಾಳೆ. ಆ ಸದ್ದು ಕೇಳುವವರೆಗೆ ಅವನು ಗಾಡಿ ಹೊರಡಿಸುವುದಿಲ್ಲ.